ರೂಮು ಮಾಡದವರ ವಿಯೆನ್ನಾ

‘ಬಿಫೋರ್ ಸನ್‌ರೈಸ್’ ಬಗ್ಗೆ ಯಾರು ಮಾತಾಡಿದರೂ ಪ್ರೀತಿಯಿಂದ ಶುರು ಮಾಡ್ತಾರೆ. ನಾನು ದುಡ್ಡಿನಿಂದ ಶುರು ಮಾಡ್ತೀನಿ.

ಕತೆ ಗೊತ್ತಿಲ್ಲದವರಿಗೆ ನಾಲ್ಕು ಸಾಲು. 1994ರ ಜೂನ್ 16. ಬುಡಾಪೆಸ್ಟ್‌ನಿಂದ ಹೊರಟ ರೈಲಿನಲ್ಲಿ ಇಬ್ಬರಿಗೆ ಪರಿಚಯ ಆಗುತ್ತೆ. ಸೆಲಿನ್ ಪ್ಯಾರಿಸ್‌ನ ಸೊರ್ಬೋನ್‌ನಲ್ಲಿ ಓದುವ ಹುಡುಗಿ, ಅಜ್ಜಿಯನ್ನು ನೋಡಿಕೊಂಡು ವಾಪಸ್ ಹೊರಟಿದ್ದಾಳೆ. ಜೆಸ್ಸಿ ಅಮೆರಿಕದ ಹುಡುಗ. ಮ್ಯಾಡ್ರಿಡ್‌ನಲ್ಲಿದ್ದ ಗರ್ಲ್‌ಫ್ರೆಂಡನ್ನು ನೋಡೋಕೆ ಅಂತ ಬಂದವನು, ಅಲ್ಲಿ ಎಲ್ಲ ಮುರಿದುಬಿದ್ದ ಮೇಲೆ ಒಂದು ರೈಲ್ ಪಾಸ್ ಇಟ್ಟುಕೊಂಡು ಎರಡು ವಾರ ಗೊತ್ತುಗುರಿಯಿಲ್ಲದೆ ಯುರೋಪ್ ಸುತ್ತಿದ್ದಾನೆ. ಮರುದಿನ ಬೆಳಿಗ್ಗೆ ವಿಯೆನ್ನಾದಿಂದ ಅವನ ವಿಮಾನ. ವಿಯೆನ್ನಾನೇ ಯಾಕೆ ಅಂದ್ರೆ ಅಗ್ಗದ ಟಿಕೆಟ್ ಸಿಕ್ಕಿದ್ದು ಅಲ್ಲಿಂದ, ಅಷ್ಟೆ. ಹೋಟೆಲಿಗೆ ದುಡ್ಡಿಲ್ಲ, ರಾತ್ರಿಯಿಡೀ ಊರು ಸುತ್ತುತೀನಿ, ನೀನೂ ಇಳಿ ಅಂತಾನೆ. ಅವಳು ಇಳಿಯುತ್ತಾಳೆ. ಬ್ಯಾಗುಗಳನ್ನು ಸ್ಟೇಷನ್ನಿನ ಲಾಕರಿನಲ್ಲಿಟ್ಟು ಇಬ್ಬರೂ ನಡೆಯೋಕೆ ಶುರು ಮಾಡ್ತಾರೆ. ಬೆಳಗಾಗುತ್ತೆ. ಸಿನಿಮಾ ಮುಗಿಯುತ್ತೆ.

ಜೆಸ್ಸಿಯ ಜೇಬಿನಲ್ಲಿ ಒಂದು ಹಾಸ್ಟೆಲಿನ ಮಂಚಕ್ಕಾಗುವಷ್ಟು ದುಡ್ಡಿದ್ದಿದ್ದರೆ ಈ ಸಿನಿಮಾ ಇರ್ತಿರಲಿಲ್ಲ. ಇದನ್ನು ನಾನು ತಮಾಷೆಗೆ ಹೇಳ್ತಿಲ್ಲ. ರೂಮು ಅಂತ ಒಂದಿದ್ದರೆ ಪ್ರವಾಸಿಯ ದಿನಕ್ಕೆ ಒಂದು ಗೂಟ ಬಿದ್ದ ಹಾಗೆ. ಅಲ್ಲಿಂದ ಹೊರಡಬೇಕು, ಅಲ್ಲಿಗೆ ಮರಳಬೇಕು, ನಡುವೆ ಸಿಕ್ಕಿದ್ದನ್ನು ಮೇಯಬೇಕು. ರೂಮಿಲ್ಲದವನಿಗೆ ಹಿಂತಿರುಗೋಕೆ ಜಾಗ ಇಲ್ಲ, ಹಾಗಾಗಿ ಅವನು ಎಲ್ಲೆಲ್ಲಿ ಕೂತ್ಕೊಳ್ಳೋಕೆ ಬಿಡ್ತಾರೋ ಅಲ್ಲೆಲ್ಲ ಕೂತ್ಕೊಳ್ತಾನೆ. ನಿರ್ದೇಶಕ ರಿಚರ್ಡ್ ಲಿಂಕ್‌ಲೇಟರ್ ಮತ್ತು ಅವರ ಜೊತೆ ಚಿತ್ರಕತೆ ಬರೆದ ಕಿಮ್ ಕ್ರಿಜಾನ್ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ. ಇಡೀ ಸಿನಿಮಾ ಟ್ರಾಮ್, ಮೆಟ್ಟಿಲು, ಸೇತುವೆಯ ಕಟಕಟೆ, ಕೆಫೆಯ ಹೊರಗಿನ ಕುರ್ಚಿ, ಚರ್ಚಿನ ಬೆಂಚು, ಪಾರ್ಕಿನ ಹುಲ್ಲು, ಪ್ರತಿಮೆಯ ಬುಡ ಇಷ್ಟರಲ್ಲೇ ನಡೆಯುತ್ತೆ.

ಓದೋಕೆ ಅಂತ ಹೊರಗೆ ಹೋದವರು, ಬ್ಯಾಗು ಹೊತ್ತು ತಿರುಗಿದವರು ಈ ದಿನವನ್ನು ಬಲ್ಲರು. ಚೆಕ್‌ಔಟ್ ಹನ್ನೊಂದಕ್ಕೆ, ವಿಮಾನ ರಾತ್ರಿಗೋ ಮರುದಿನ ಬೆಳಿಗ್ಗೆಗೋ. ಬ್ಯಾಗು ರಿಸೆಪ್ಷನ್ನಿನಲ್ಲಿ. ಜೇಬಲ್ಲಿ ಉಳಿದ ಚಿಲ್ಲರೆಯನ್ನು ಖರ್ಚು ಮಾಡಲೇಬೇಕು, ಊರಲ್ಲಿ ಅದಕ್ಕೆ ಬೆಲೆ ಇಲ್ಲ. ನೋಡದೆ ಉಳಿದ ಜಾಗಗಳ ಲಿಸ್ಟು ಒಂದು ಕಡೆ, ಸೋತ ಕಾಲು ಇನ್ನೊಂದು ಕಡೆ. ಕೊನೆಯ ದಿನದ ಪ್ರವಾಸಿಯಲ್ಲಿ ಎರಡು ಜಾತಿ. ಒಬ್ಬ ಬೆಳಗಿನ ಆರಕ್ಕೆ ಎದ್ದು ಉಳಿದದ್ದನ್ನೆಲ್ಲ ಓಡೋಡಿ ನೋಡಿ ಮುಗಿಸೋನು. ಇನ್ನೊಬ್ಬ ಬಿಟ್ಟಾಕಿ ಎಲ್ಲೋ ಒಂದು ಕಡೆ ಕೂರೋನು. ಪ್ರವಾಸ ಕಥನಗಳು ಸಾಮಾನ್ಯವಾಗಿ ಮೊದಲನೆಯವನ ಪರ. ಈ ಸಿನಿಮಾ ಎರಡನೆಯವನ ಪರ, ಮತ್ತು ನನಗೆ ಗೊತ್ತಿರುವ ಹಾಗೆ ಅವನ ಪರವಾಗಿ ಇಷ್ಟು ಗಟ್ಟಿಯಾಗಿ ವಾದ ಮಾಡಿದ ಸಿನಿಮಾ ಬೇರೆ ಇಲ್ಲ.

ವಾದ ಅಂದೆ. ಹೇಗೆ ಅಂತ ನೋಡಿ. ವಿಯೆನ್ನಾ ಅಂದ್ರೆ ಹಾಬ್ಸ್‌ಬರ್ಗ್ ದೊರೆಗಳ ರಾಜಧಾನಿ. ಷೋನ್‌ಬ್ರುನ್ ಅರಮನೆ, ಕ್ಲಿಮ್ಟ್‌ನ ‘ದಿ ಕಿಸ್’ ಇರುವ ಬೆಲ್ವೆಡೇರ್, ಮೊಜಾರ್ಟ್, ಬೀಥೋವನ್, ಫ್ರಾಯ್ಡ್. ಹಳೆಯ ಊರಿನ ಭಾಗ 2001ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಇದರಲ್ಲಿ ಯಾವುದರ ಒಳಗೂ ಈ ಇಬ್ಬರು ಕಾಲಿಡೋದಿಲ್ಲ. ಮೊಜಾರ್ಟ್ ಥರ ಬಿಳಿ ವಿಗ್ ಹಾಕಿಕೊಂಡು ಕಾನ್ಸರ್ಟಿನ ಟಿಕೆಟ್ ಮಾರುವವರ ಕೈಗೂ ಸಿಗೋದಿಲ್ಲ. ಊರಿಗೆ ಬಂದ ಕೂಡಲೇ ಒಂದು ಸೇತುವೆಯ ಮೇಲೆ ಇಬ್ಬರು ಸ್ಥಳೀಯರು ಸಿಗ್ತಾರೆ. ಜೆಸ್ಸಿ ಎಲ್ಲ ಪ್ರವಾಸಿಗಳ ಹಾಗೆ, ಇಂಗ್ಲಿಷ್ ಬರುತ್ತಾ ಅಂತ ಕೇಳ್ತಾನೆ. ಬದಲಾವಣೆಗೆ ನೀವೇ ಸ್ವಲ್ಪ ಜರ್ಮನ್ ಮಾತಾಡಬಾರದಾ ಅಂತ ಅವರು ಕಾಲೆಳೆಯುತ್ತಾರೆ. ಮ್ಯೂಸಿಯಂ ಮುಚ್ಚೋ ಹೊತ್ತಾಯ್ತು, ನಮ್ಮ ನಾಟಕ ಇದೆ ಬನ್ನಿ, ಇವನು ಅದರಲ್ಲಿ ಹಸುವಿನ ಪಾರ್ಟು ಮಾಡ್ತಾನೆ ಅಂತ ಕರೀತಾರೆ. ಇವರು ಬರ್ತೀವಿ ಅಂತಾರೆ. ಇಡೀ ರಾತ್ರಿಯಲ್ಲಿ ಇವರ ಲಿಸ್ಟಿನಲ್ಲಿದ್ದದ್ದು ಅದೊಂದೇ ಕಾರ್ಯಕ್ರಮ. ಅದಕ್ಕೂ ಹೋಗೋದಿಲ್ಲ, ಮರೆತೇ ಹೋಗ್ತಾರೆ. ಹಸುವಿನ ಪಾತ್ರಧಾರಿ ಆ ರಾತ್ರಿ ಎಷ್ಟು ಜನರ ಮುಂದೆ ಹಸುವಾದನೋ, ನಮಗೂ ಗೊತ್ತಾಗೋದಿಲ್ಲ. ಹೀಗೆ ಒಂದು ಕಾರ್ಯಕ್ರಮವನ್ನು ಕೈಗೆ ಕೊಟ್ಟು ಕೈಬಿಡೋಕೆ ಧೈರ್ಯ ಬೇಕು. ಬೇರೆ ಯಾವ ನಿರ್ದೇಶಕರಾದರೂ ಇವರನ್ನು ಆ ನಾಟಕಕ್ಕೆ ಕರಕೊಂಡು ಹೋಗಿ ನಮ್ಮನ್ನು ನಗಿಸ್ತಿದ್ದರು.

ಸ್ಯೂರಾ ಎಂಬ ಫ್ರೆಂಚ್ ಚಿತ್ರಕಾರನ ಪ್ರದರ್ಶನದ ಪೋಸ್ಟರ್ ಒಂದು ರಾತ್ರಿ ಬೀದಿಯಲ್ಲಿ ಕಾಣುತ್ತೆ. ಪ್ರದರ್ಶನ ಶುರುವಾಗೋದು ಮುಂದಿನ ವಾರ. ಅಷ್ಟೊತ್ತಿಗೆ ಇವರಿಬ್ಬರೂ ಬೇರೆ ಬೇರೆ ಖಂಡಗಳಲ್ಲಿ ಇರ್ತಾರೆ. ಸೆಲಿನ್ ಪೋಸ್ಟರಿನ ಮೇಲೆ ಬೆರಳಿಟ್ಟು, ಇವನ ಚಿತ್ರಗಳಲ್ಲಿ ಮನುಷ್ಯರು ಹಿನ್ನೆಲೆಯೊಳಗೆ ಕರಗಿ ಹೋಗ್ತಿರೋ ಹಾಗೆ ಕಾಣ್ತಾರೆ ಅನ್ನೋ ಅರ್ಥದ ಮಾತು ಹೇಳ್ತಾಳೆ. ಪೋಸ್ಟರ್ ನೋಡಿದ್ದೇ ಅವರ ಮ್ಯೂಸಿಯಂ ಭೇಟಿ. ಈ ಮಾತು ಮುಂದೆ ಬೇಕಾಗುತ್ತೆ, ನೆನಪಿಟ್ಟುಕೊಂಡಿರಿ.

ಈಗ ನನಗೆ ಇಡೀ ಸಿನಿಮಾದಲ್ಲಿ ತುಂಬಾ ಮುಖ್ಯ ಅನ್ನಿಸುವ ಜಾಗ. ಅದು ಪ್ರಾಟರ್‌ನ ಜೈಂಟ್ ವ್ಹೀಲ್ ಅಲ್ಲ, ರೆಕಾರ್ಡ್ ಅಂಗಡಿಯ ಆ ಸಣ್ಣ ಕೋಣೆಯೂ ಅಲ್ಲ. ಸ್ಮಶಾನ.

ವಿಯೆನ್ನಾದ ಪೂರ್ವದ ಅಂಚಿನಲ್ಲಿ, ಸಿಮರಿಂಗ್ ಜಿಲ್ಲೆಯ ಆಲ್ಬರ್ನ್ ಬಂದರಿನ ಪಕ್ಕ, ಹೆಸರಿಲ್ಲದವರ ಸ್ಮಶಾನ ಅಂತ ಒಂದಿದೆ. ಡ್ಯಾನ್ಯೂಬ್ ನದಿ ಅಲ್ಲಿ ಸುಳಿ ಸುತ್ತಿ ದಡಕ್ಕೆ ತಂದುಹಾಕುತ್ತಿದ್ದ ಹೆಣಗಳನ್ನು ಹೂಳುತ್ತಿದ್ದ ಜಾಗ. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಹೂತದ್ದರಲ್ಲಿ ಹಳೆಯ ಭಾಗ ನದಿಯ ಪ್ರವಾಹಕ್ಕೇ ಸಿಕ್ಕಿ ಹೋಯಿತು. ಈಗ ಕಾಣುವುದು 1900ರ ನಂತರದ್ದು, 1940ರವರೆಗೆ ಹೂತ 104 ಜನರ ಗೋರಿಗಳು. ಬಂದರು ಕಟ್ಟಿದ ಮೇಲೆ ನೀರಿನ ಹರಿವು ಬದಲಾಯಿತು, ಹೆಣಗಳು ಅಲ್ಲಿಗೆ ಬರೋದು ನಿಂತಿತು. ಕಬ್ಬಿಣದ ಶಿಲುಬೆಗಳು, ಹಲವಕ್ಕೆ ಹೆಸರಿನ ಬದಲು ‘ಹೆಸರಿಲ್ಲದವರು’ ಅಂತ ಜರ್ಮನ್ನಿನ ಒಂದೇ ಪದ.

ಯಾವ ಗೈಡ್‌ಬುಕ್ಕಿನ ಮೊದಲ ಹತ್ತು ಜಾಗಗಳಲ್ಲೂ ಇದು ಇರೋಕೆ ಸಾಧ್ಯವಿಲ್ಲ. ಊರಿನ ಮಧ್ಯದಿಂದ ಹತ್ತು ಕಿಲೋಮೀಟರ್ ಹತ್ತಿರ ಆಗುತ್ತೆ. ಸಿನಿಮಾದಲ್ಲಿ ಇವರು ಸಂಜೆ ವಾಕಿಂಗಿಗೆ ಹೋದ ಹಾಗೆ ಅಲ್ಲಿಗೆ ತಲುಪಿ, ಮುಂದಿನ ದೃಶ್ಯದಲ್ಲಿ ಪ್ರಾಟರ್‌ನಲ್ಲಿ ಇರ್ತಾರೆ. ಭೂಪಟ ಇಟ್ಟುಕೊಂಡು ನೋಡಿದರೆ ಇಡೀ ರಾತ್ರಿಯ ದಾರಿ ಅಸಂಬದ್ಧ. ಅದನ್ನೊಂದು ದೊಡ್ಡ ತಪ್ಪು ಅಂತ ನಾನು ಎಣಿಸಲ್ಲ. ಕೊನೆಯ ದಿನ ಸುತ್ತಿದ ಊರು ನೆನಪಿನಲ್ಲಿ ಹಾಗೇ ಉಳಿಯೋದು, ನಡುವಿನ ಬಸ್ಸುಗಳನ್ನೆಲ್ಲ ಕಿತ್ತುಹಾಕಿ.

ಸೆಲಿನ್ ಇಲ್ಲಿಗೆ ಮುಂಚೆ ಒಮ್ಮೆ ಬಂದಿದ್ದಳು, ಚಿಕ್ಕವಳಿದ್ದಾಗ. ಆಗ ನೋಡಿದ ಮ್ಯೂಸಿಯಂಗಳಿಗಿಂತ ಈ ಜಾಗವೇ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಒಂದು ಗೋರಿಯ ಮುಂದೆ ನಿಲ್ತಾಳೆ. ಹದಿಮೂರು ವರ್ಷದ ಒಬ್ಬ ಹುಡುಗಿಯದು. ನಾನು ಮೊದಲು ಬಂದಾಗ ನನಗೂ ಅಷ್ಟೇ ವಯಸ್ಸು, ಈಗ ನಾನು ಹತ್ತು ವರ್ಷ ದೊಡ್ಡವಳಾದೆ, ಅವಳು ಇನ್ನೂ ಹದಿಮೂರರಲ್ಲೇ ಇದ್ದಾಳೆ ಅನ್ನುತ್ತಾಳೆ. ದೃಶ್ಯ ಅಷ್ಟಕ್ಕೇ ಮುಗಿಯುತ್ತೆ. ಯಾರೂ ಅಳೋದಿಲ್ಲ, ಹಿನ್ನೆಲೆಯಲ್ಲಿ ಪಿಟೀಲು ಕೊಯ್ಯೋದಿಲ್ಲ.

ಮಾತು ಸರಳ. ಆದರೆ ‘ಊರು ನೋಡೋದು’ ಅನ್ನೋ ಕೆಲಸದ ಬಗ್ಗೆ ಇದಕ್ಕಿಂತ ಗಟ್ಟಿಯಾದದ್ದು ಸಿನಿಮಾದಲ್ಲಿ ಇಲ್ಲ. ನಾವು ಐತಿಹಾಸಿಕ ನಗರಕ್ಕೆ ಹೋಗೋದು ಹಳೆಯದನ್ನು ನೋಡೋಕೆ, ಅದು ನಮಗಿಂತ ಹಳೆಯದು ಅನ್ನೋ ಒಂದು ಧೈರ್ಯದಲ್ಲಿ. ಇಲ್ಲಿ ಗೋರಿಯ ಹುಡುಗಿ ಸೆಲಿನ್‌ಗಿಂತ ಚಿಕ್ಕವಳಾಗಿಬಿಟ್ಟಿದ್ದಾಳೆ. ಇನ್ನೊಂದು ಸಲ ಬಂದರೆ ಇನ್ನೂ ಚಿಕ್ಕವಳಾಗಿರ್ತಾಳೆ. ಗೊಮ್ಮಟನ ಬೆಟ್ಟಕ್ಕೋ ಹಂಪಿಗೋ ಶಾಲೆಯ ಟೂರಿನಲ್ಲಿ ಹೋಗಿ, ಆಮೇಲೆ ಆಫೀಸಿನವರ ಜೊತೆ, ಆಮೇಲೆ ಮಗುವನ್ನು ಎತ್ತಿಕೊಂಡು ಮತ್ತೆ ಹೋದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲು ಅಲ್ಲೇ ಇರುತ್ತೆ, ಅಳತೆ ಆಗೋದು ನಾವು.

ಇದರ ಪಕ್ಕದಲ್ಲಿಟ್ಟರೆ ಪ್ರಾಟರ್‌ನ ದೃಶ್ಯ ನನಗೆ ಸ್ವಲ್ಪ ತೆಳು. ‘ರೀಸೆನ್‌ರಾಡ್’ ಅನ್ನೋ ಆ ದೈತ್ಯ ಚಕ್ರವನ್ನು 1897ರಲ್ಲಿ ಕಟ್ಟಿದ್ದು, ಸುಮಾರು 65 ಮೀಟರ್ ಎತ್ತರ. 1944ರಲ್ಲಿ ಯುದ್ಧಕ್ಕೆ ಸಿಕ್ಕಿ ಸುಟ್ಟುಹೋಯಿತು. ಮತ್ತೆ ನಿಲ್ಲಿಸಿದಾಗ ಮೊದಲಿದ್ದ 30 ಡಬ್ಬಿಗಳ ಬದಲು 15 ಮಾತ್ರ ಹಾಕಿದರು. ಸಿನಿಮಾ ಪ್ರಿಯರಿಗೆ ಅದು 1949ರ ‘ದಿ ಥರ್ಡ್ ಮ್ಯಾನ್’ನಿಂದಲೇ ಪರಿಚಯ. ಯುದ್ಧ ಮುಗಿದ ವಿಯೆನ್ನಾದಲ್ಲಿ ಕಲಬೆರಕೆ ಪೆನಿಸಿಲಿನ್ ಮಾರುವ ಹ್ಯಾರಿ ಲೈಮ್, ಅದೇ ಚಕ್ರದ ಮೇಲಿಂದ ಕೆಳಗೆ ಚುಕ್ಕೆಗಳಂತೆ ಕಾಣುವ ಜನರನ್ನು ತೋರಿಸಿ, ಅದರಲ್ಲೊಂದು ಚುಕ್ಕೆ ನಿಂತುಹೋದರೆ ನಿನಗೇನು ಅಂತ ಗೆಳೆಯನನ್ನು ಕೇಳ್ತಾನೆ. ನಾಲ್ಕೂವರೆ ದಶಕದ ನಂತರ ಅದೇ ಡಬ್ಬಿಯೊಳಗೆ ಜೆಸ್ಸಿ ಮತ್ತು ಸೆಲಿನ್ ಮೊದಲ ಸಲ ಮುತ್ತು ಕೊಟ್ಟುಕೊಳ್ತಾರೆ. ಲಿಂಕ್‌ಲೇಟರ್‌ಗೆ ಆ ಹಳೆಯ ದೃಶ್ಯ ಗೊತ್ತಿಲ್ಲದೆ ಇರೋಕೆ ಸಾಧ್ಯವಿಲ್ಲ. ಆದರೂ ಕೆಳಗೆ ನೋಡೋ ಗೋಜಿಗೆ ಹೋಗೋದಿಲ್ಲ. ಹೊರಗೆ ಸೂರ್ಯ ಮುಳುಗುತ್ತಿದ್ದಾನೆ, ಊರೆಲ್ಲ ಹೊಂಬಣ್ಣ, ಪೋಸ್ಟ್‌ಕಾರ್ಡ್ ರೆಡಿ. ಇಡೀ ಸಿನಿಮಾದಲ್ಲಿ ಇವರು ಅಪ್ಪಟ ಟೂರಿಸ್ಟುಗಳಾಗೋದು ಇಲ್ಲೊಂದೇ ಕಡೆ, ಅಭಿಮಾನಿಗಳು ಹೆಚ್ಚು ಹಂಚಿಕೊಳ್ಳೋದೂ ಇದೇ ದೃಶ್ಯವನ್ನ. ಇರಲಿ, ಮುತ್ತಿಗೂ ಒಂದು ಜಾಗ ಬೇಕಲ್ಲ.

ಇನ್ನೊಂದು ತಕರಾರು ಇದೆ, ಅದು ಸ್ವಲ್ಪ ದೊಡ್ಡದು. ಈ ಸಿನಿಮಾದಲ್ಲಿ ವಿಯೆನ್ನಾದ ಜನ ಯಾತಕ್ಕಿದ್ದಾರೆ? ಕ್ಲೈನೆಸ್ ಕೆಫೆಯ ಮುಂದೆ ಕೈ ನೋಡಿ ಭವಿಷ್ಯ ಹೇಳೋ ಹೆಂಗಸು, ಕಾಲುವೆಯ ದಡದಲ್ಲಿ ಒಂದು ಪದ ಕೊಡಿ ಕವಿತೆ ಬರೆದುಕೊಡ್ತೀನಿ ಅನ್ನೋ ಕವಿ, ಬೀದಿಯಲ್ಲಿ ಕುಣಿಯೋ ನರ್ತಕಿ, ದುಡ್ಡಿಲ್ಲ ಅಂದರೂ ವೈನಿನ ಬಾಟಲಿ ಕೊಟ್ಟು ಕಳಿಸೋ ಬಾರಿನವನು. ಎಲ್ಲರೂ ಒಳ್ಳೆಯವರು, ಎಲ್ಲರೂ ಏನಾದರೊಂದು ಕೊಟ್ಟು ಪಕ್ಕಕ್ಕೆ ಸರೀತಾರೆ. ಒಬ್ಬರೂ ಬಾಯಿಬಿಟ್ಟು ತಮ್ಮ ಬಗ್ಗೆ ಎರಡು ಮಾತು ಹೇಳೋದಿಲ್ಲ. ಇದು ಪ್ರವಾಸ ಕಥನಗಳ ಹಳೇ ಚಾಳಿ. ಹೋದ ಊರಿನ ಜನ ಎಲ್ಲ ‘ಸ್ನೇಹಪರರು’ ಮತ್ತು ಮೂಕರು. ಕವಿಯ ವಿಷಯದಲ್ಲಿ ಮಾತ್ರ ಸಿನಿಮಾ ತನ್ನನ್ನು ತಾನೇ ಚಿವುಟಿಕೊಳ್ಳುತ್ತೆ. ಕವಿತೆ ಕೇಳಿ ಸೆಲಿನ್ ಕರಗಿದ್ದಾಳೆ. ಜೆಸ್ಸಿಗೆ ಅನುಮಾನ: ಮೊದಲೇ ಬರೆದಿಟ್ಟ ಕವಿತೆಗೆ ಇವರು ಕೊಟ್ಟ ಪದವನ್ನು ತುರುಕಿದ್ದಾನೆ ಅಷ್ಟೆ. ಇಬ್ಬರೂ ಸರಿ ಇರಬಹುದು. ಪ್ರವಾಸಿಗೆ ಸಿಗೋ ಅನುಭವ ಎಲ್ಲ ಹಾಗೇ ಅಲ್ವಾ? ಮೊದಲೇ ತಯಾರಾಗಿರುತ್ತೆ, ನಮ್ಮ ಹೆಸರು ಸೇರಿಸಿ ಕೊಡ್ತಾರೆ, ಆದರೂ ಕೆಲವೊಮ್ಮೆ ಎದೆಗೆ ನಾಟುತ್ತೆ.

ಇಷ್ಟು ಹೊತ್ತು ಅವರ ಕಡೆಯಿಂದ ನೋಡಿದ್ದಾಯ್ತು. ನಮ್ಮ ಕಡೆಯಿಂದ ನೋಡಿದರೆ ಈ ಸಿನಿಮಾದ ಅತಿ ದೊಡ್ಡ ಕಲ್ಪನೆ ಪ್ರೀತಿ ಅಲ್ಲ, ರೈಲಿನಿಂದ ಇಳಿಯೋದು.

ಬುಡಾಪೆಸ್ಟ್‌ನಿಂದ ವಿಯೆನ್ನಾಗೆ ಬರುವ ರೈಲು ದಾಟುವ ಗಡಿಯಲ್ಲಿ 1989ರವರೆಗೆ ಮುಳ್ಳುತಂತಿ ಇತ್ತು. ಹಂಗೇರಿ ಅದನ್ನು ಕಿತ್ತುಹಾಕಿ ಐದೇ ವರ್ಷ ಆಗಿತ್ತು. ಆಸ್ಟ್ರಿಯಾ ಯುರೋಪಿಯನ್ ಒಕ್ಕೂಟಕ್ಕೆ ಸೇರಿದ್ದು 1995ರ ಜನವರಿಯಲ್ಲಿ, ಸಿನಿಮಾ ಅಮೆರಿಕದಲ್ಲಿ ತೆರೆಕಂಡ ಅದೇ ತಿಂಗಳು. ಅಷ್ಟೆಲ್ಲ ಇತಿಹಾಸ ಇದ್ದರೂ ಸಿನಿಮಾದಲ್ಲಿ ಗಡಿ ಅನ್ನೋದೇ ಇಲ್ಲ. ಒಬ್ಬಳ ಹತ್ತಿರ ಫ್ರಾನ್ಸಿನ ಪಾಸ್‌ಪೋರ್ಟು, ಇನ್ನೊಬ್ಬನ ಹತ್ತಿರ ಅಮೆರಿಕದ್ದು. ಮನಸ್ಸು ಬಂದ ಸ್ಟೇಷನ್ನಿನಲ್ಲಿ ಇಳೀತಾರೆ, ಯಾರೂ ಏನೂ ಕೇಳಲ್ಲ.

ನಮ್ಮ ಕತೆ ಗೊತ್ತಲ್ಲ. ಬೆಂಗಳೂರಿನಿಂದ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವವರು ಹೋಗೋ ಟಿಕೆಟ್ಟು, ಬರೋ ಟಿಕೆಟ್ಟು, ಬ್ಯಾಂಕ್ ಸ್ಟೇಟ್‌ಮೆಂಟು, ಕನಿಷ್ಠ 30,000 ಯೂರೋ ಮೊತ್ತದ ವಿಮೆ, ಜೊತೆಗೆ ಎಲ್ಲಿ ತಂಗ್ತೀರಿ ಅನ್ನೋದಕ್ಕೆ ದಾಖಲೆ ಕೊಡಬೇಕು. ದಿನವಹಿ ಪ್ಲಾನು ಬರೆದುಕೊಡಿ ಅಂತ ಏಜೆಂಟರು ಹೇಳ್ತಾರೆ. ನಾವು ಬರೀತೀವಿ, ಮೊದಲ ದಿನ ಇದು, ಎರಡನೇ ದಿನ ಇದು, ಕೊನೆಯ ದಿನ ಬೆಳಿಗ್ಗೆ ಅರಮನೆ, ಮಧ್ಯಾಹ್ನ ಶಾಪಿಂಗ್, ಸಂಜೆ ಏರ್‌ಪೋರ್ಟ್. ಅಂದರೆ ನಮ್ಮ ಕೊನೆಯ ದಿನವನ್ನು ನಾವು ಮನೆ ಬಿಡೋಕೆ ಮುಂಚೇನೇ ಬರೆದು, ಸಹಿ ಹಾಕಿ ಕೊಟ್ಟಿರ್ತೀವಿ. ಹೋಟೆಲಿಗೆ ದುಡ್ಡಿಲ್ಲ, ರಾತ್ರಿ ಊರು ಸುತ್ತುತೀನಿ ಅನ್ನೋದು ಜೆಸ್ಸಿಯ ಬಾಯಲ್ಲಿ ರೊಮ್ಯಾಂಟಿಕ್ ಡೈಲಾಗು. ಅದೇ ಮಾತನ್ನು ನಮ್ಮ ಹುಡುಗ ವೀಸಾ ಕೌಂಟರಿನಲ್ಲಿ ಹೇಳಿದರೆ ಅರ್ಜಿ ತಿರಸ್ಕಾರಕ್ಕೆ ಬೇರೆ ಕಾರಣ ಬೇಕಾಗಿಲ್ಲ. ಬೆಳಗಿನ ಜಾವ ಪಾರ್ಕಿನ ಹುಲ್ಲಿನ ಮೇಲೆ ಬಾಟಲಿ ಇಟ್ಟುಕೊಂಡು ಮಲಗಿದ ಜೋಡಿ ನಮ್ಮ ಬಣ್ಣದವರಾಗಿದ್ದರೆ ಪೊಲೀಸರು ಅಷ್ಟು ಸುಲಭವಾಗಿ ಫ್ರೇಮಿನಿಂದ ಹೊರಗೇ ಉಳೀತಿದ್ದರಾ ಅನ್ನೋದನ್ನೂ ನೀವೇ ಯೋಚಿಸಿ.

ಇದನ್ನು ಹೇಳಿದ್ದು ಸಿನಿಮಾವನ್ನು ಹೊಡೆದುಹಾಕೋಕಲ್ಲ. ಜರ್ಮನಿಯಲ್ಲೋ ಫ್ರಾನ್ಸಿನಲ್ಲೋ ಓದ್ತಿರುವ ನಮ್ಮ ವಿದ್ಯಾರ್ಥಿಗಳ ಕೈಯಲ್ಲಿ ಈಗ ಅಲ್ಲಿನ ರೆಸಿಡೆನ್ಸ್ ಪರ್ಮಿಟ್ ಇರುತ್ತೆ, ಅದನ್ನಿಟ್ಟುಕೊಂಡು ಮತ್ತೊಂದು ವೀಸಾ ಇಲ್ಲದೆ ಪಕ್ಕದ ದೇಶದ ಸ್ಟೇಷನ್ನಿನಲ್ಲಿ ಇಳೀಬಹುದು. ಇಳೀತಾರೆ ಕೂಡ. ಆದರೆ ಇಳಿದ ಮೇಲೂ ಒಳಗೊಂದು ವೀಸಾ ಆಫೀಸರ್ ಕೂತಿರ್ತಾನೆ. ಇಷ್ಟು ದುಡ್ಡು ಕೊಟ್ಟು ಬಂದಿದ್ದೀಯ, ಅದನ್ನ ನೋಡಿದ್ಯಾ, ಇದನ್ನ ನೋಡಿದ್ಯಾ, ಫೋಟೋ ಎಲ್ಲಿ, ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದ್ಯಾ ಅಂತ. ಊರಲ್ಲಿ ಎಜುಕೇಶನ್ ಲೋನಿನ ಕಂತು ಕಾಯ್ತಿರುವಾಗ ಕೊನೆಯ ದಿನವನ್ನು ಸುಮ್ಮನೆ ಒಂದು ಸೇತುವೆಯ ಮೇಲೆ ಕಳೆಯೋದು ಅಪರಾಧ ಅನ್ನಿಸಿಬಿಡುತ್ತೆ. ಯುರೋಪನ್ನು ‘ಕವರ್ ಮಾಡೋದು’ ಅನ್ನೋ ನಮ್ಮ ಮಾತಿನ ಹಿಂದೆ ದುರಾಸೆಗಿಂತ ಈ ಲೆಕ್ಕವೇ ಜಾಸ್ತಿ ಇದೆ ಅಂತ ನನ್ನ ಅಂದಾಜು. ಜೆಸ್ಸಿಯ ಬಡತನ ಬೇರೆ, ನಮ್ಮ ಬಡತನ ಬೇರೆ. ಅವನದು ನಾಳೆ ಮಧ್ಯಾಹ್ನ ವಿಮಾನದಲ್ಲೇ ಮುಗಿದುಹೋಗುತ್ತೆ.

ಗೆಳತಿಯೊಬ್ಬಳಿಗೆ ಈ ಸಿನಿಮಾ ತೋರಿಸಿದಾಗ ಅವಳು ಕೇಳಿದ ಮೊದಲ ಪ್ರಶ್ನೆ: “ಇವಳು ಮನೆಗೆ ಫೋನ್ ಮಾಡಲ್ವಾ?”

ಒಳ್ಳೆಯ ಪ್ರಶ್ನೆ. ಗುರುತಿಲ್ಲದ ಗಂಡಸಿನ ಜೊತೆ ಗುರುತಿಲ್ಲದ ಊರಲ್ಲಿ ಇಳಿಯೋ ರಿಸ್ಕ್ ಪೂರ್ತಿ ಸೆಲಿನ್‌ದು. ಸಿನಿಮಾ ಅದನ್ನು ಒಂದೆರಡು ತಮಾಷೆಯ ಮಾತಿನಲ್ಲಿ ದಾಟಿಬಿಡುತ್ತೆ. ಹೋಗಲಿ, ಫೋನ್ ಒಂದಿದೆ. 1880ರಲ್ಲಿ ಶುರುವಾದ ಕೆಫೆ ಶ್ಪೆರ್ಲ್‌ನಲ್ಲಿ ಕೂತು ಸೆಲಿನ್ ಪ್ಯಾರಿಸ್‌ನ ಗೆಳತಿಗೆ ಫೋನ್ ಮಾಡ್ತಾಳೆ, ಕಿವಿಯ ಹತ್ತಿರ ಕೈಬೆರಳನ್ನೇ ರಿಸೀವರಿನ ಥರ ಹಿಡಿದುಕೊಂಡು. ಆ ಕಡೆಯ ಗೆಳತಿಯಾಗಿ ಜೆಸ್ಸಿ ಮಾತಾಡಬೇಕು. ರೈಲಿನಲ್ಲಿ ಸಿಕ್ಕ ಹುಡುಗನ ಬಗ್ಗೆ ಅವನ ಮುಂದೆಯೇ ಗೆಳತಿಗೆ ಹೇಳೋದು. ಎದುರೆದುರು ಹೇಳಲಾಗದ್ದನ್ನೆಲ್ಲ ಹೀಗೆ ಸುಳ್ಳು ಫೋನಿನಲ್ಲಿ ಹೇಳಿಬಿಡ್ತಾರೆ. ಇವತ್ತು ಈ ದೃಶ್ಯ ಬರೆಯೋಕೆ ಆಗ್ತಿರಲಿಲ್ಲ. ಗೆಳತಿಗೆ ಸಂಜೆಯೇ ಲೈವ್ ಲೊಕೇಶನ್ ಹೋಗಿರ್ತಿತ್ತು, ಹೋಗಬೇಕು ಕೂಡ.

ಈ ರಾತ್ರಿ ನಿಜವಾಗಿ ನಡೆದದ್ದು ವಿಯೆನ್ನಾದಲ್ಲಲ್ಲ. 1989ರಲ್ಲಿ ಲಿಂಕ್‌ಲೇಟರ್ ಫಿಲಡೆಲ್ಫಿಯಾದಲ್ಲಿ ಒಂದು ಆಟಿಕೆ ಅಂಗಡಿಯಲ್ಲಿ ಸಿಕ್ಕ ಯುವತಿಯೊಬ್ಬಳ ಜೊತೆ ರಾತ್ರಿಯೆಲ್ಲ ಊರು ಸುತ್ತಿದ್ದರು. ಸಿನಿಮಾದ ಬೀಜ ಅದು. ಹಾಗಾದರೆ ವಿಯೆನ್ನಾ ಬರೀ ಚಂದದ ಪರದೆಯಾ? ಅಲ್ಲ ಅಂತ ನನ್ನ ವಾದ. ಇಬ್ಬರಲ್ಲಿ ಒಬ್ಬರಿಗೂ ಇದು ತಮ್ಮ ಊರಲ್ಲ, ತಮ್ಮ ಭಾಷೆಯಲ್ಲ. ತೋರಿಸೋರು ಯಾರೂ ಇಲ್ಲ, ಇಬ್ಬರೂ ನೋಡೋರೇ. ಅಮೆರಿಕದ ಊರೊಂದರಲ್ಲಾಗಿದ್ದರೆ ಜೆಸ್ಸಿ ಗೈಡ್ ಆಗಿ ಬಡಬಡಿಸ್ತಿದ್ದ, ಅವನ ಸ್ವಭಾವ ನೋಡಿದರೆ ಗ್ಯಾರಂಟಿ.

2004ರ ‘ಬಿಫೋರ್ ಸನ್‌ಸೆಟ್’ನಲ್ಲಿ ಆಗೋದು ಅದೇ ಅಲ್ವಾ, ಅದಲುಬದಲಾಗಿ. ಒಂಬತ್ತು ವರ್ಷದ ನಂತರ ಜೆಸ್ಸಿ ಆ ರಾತ್ರಿಯನ್ನು ಕಾದಂಬರಿ ಮಾಡಿ, ಪ್ಯಾರಿಸ್‌ನ ಶೇಕ್ಸ್‌ಪಿಯರ್ ಅಂಡ್ ಕಂಪನಿ ಪುಸ್ತಕದಂಗಡಿಗೆ ಬಂದಿದ್ದಾನೆ. ಮತ್ತೆ ಕೊನೆಯ ದಿನ, ಮತ್ತೆ ಹಿಡಿಯಬೇಕಾದ ವಿಮಾನ. ಆದರೆ ಪ್ಯಾರಿಸ್ ಸೆಲಿನ್‌ದೇ ಊರು. ಅವಳು ಮುಂದೆ, ಅವನು ಹಿಂದೆ. ಮಾತು ಮೊದಲನೆಯದಕ್ಕಿಂತ ಚುರುಕು, ನೋವು ಜಾಸ್ತಿ, ಕೊನೆಯಂತೂ ಅದ್ಭುತ. ಆದರೂ ಆ ಊರು ಪಕ್ಕದಲ್ಲಿ ಸುಮ್ಮನೆ ಸರಿದುಹೋಗುತ್ತೆ. ಇಬ್ಬರಿಗೂ ಈಗ ಹೇಳೋಕೆ ಅಷ್ಟಿದೆ, ನೋಡೋಕೆ ಪುರುಸೊತ್ತಿಲ್ಲ. 2013ರ ಮೂರನೆಯದು ಗ್ರೀಸಿನಲ್ಲಿ, ಅಲ್ಲಿ ರೂಮು ಇದೆ, ಬೇರೆಯವರು ದುಡ್ಡು ಕೊಟ್ಟು ಬುಕ್ ಮಾಡಿದ ಒಳ್ಳೆಯ ಹೋಟೆಲ್ ರೂಮು. ಇಬ್ಬರೂ ಅದರೊಳಗೆ ಕೂತು ಮನಸಾರೆ ಜಗಳ ಆಡ್ತಾರೆ. ರೂಮಿನ ಬಗ್ಗೆ ಮೊದಲು ಹೇಳಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆ ಮೂರನೆಯ ಸಿನಿಮಾವನ್ನು ಫಿಲಡೆಲ್ಫಿಯಾದ ಯುವತಿಗೆ ಅರ್ಪಿಸಲಾಗಿದೆ. ‘ಬಿಫೋರ್ ಸನ್‌ರೈಸ್’ ತೆರೆಗೆ ಬರೋಕೆ ಮುಂಚೆಯೇ, 1994ರಲ್ಲೇ, ಆಕೆ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದಳು. ಲಿಂಕ್‌ಲೇಟರ್‌ಗೆ ಅದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಯಾವತ್ತಾದರೊಂದು ದಿನ ಆಕೆ ಈ ಸಿನಿಮಾ ನೋಡಬಹುದು ಅಂತ ಅವರು ಕಾದಿದ್ದರು. ಈ ವಿಷಯ ಗೊತ್ತಾದ ಮೇಲೆ ಸ್ಮಶಾನದ ದೃಶ್ಯ ನೋಡೋದು ಕಷ್ಟ. ಅದನ್ನು ಶೂಟ್ ಮಾಡುವಾಗ ಅವರಿಗೇನೂ ಗೊತ್ತಿರಲಿಲ್ಲ.

ಇನ್ನೊಂದು ಸಣ್ಣ ವಿಷಯ. ಬೆಳಗಾಗುವ ಹೊತ್ತಿಗೆ ಆಲ್ಬರ್ಟೀನಾದ ಹತ್ತಿರ ಪ್ರತಿಮೆಯೊಂದರ ಬುಡದಲ್ಲಿ ಕೂತು ಜೆಸ್ಸಿ, ಡಿಲನ್ ಥಾಮಸ್‌ನ ದನಿಯನ್ನು ಅನುಕರಿಸ್ತಾ ಆಡೆನ್‌ನ ಪದ್ಯ ಹೇಳ್ತಾನೆ. ಆಡೆನ್ ತೀರಿಕೊಂಡದ್ದು ಇದೇ ವಿಯೆನ್ನಾದಲ್ಲಿ, 1973ರಲ್ಲಿ, ಒಂದು ಹೋಟೆಲ್ ರೂಮಿನಲ್ಲಿ. ಸಿನಿಮಾ ಅದನ್ನು ಹೇಳೋದಿಲ್ಲ. ಹೇಳದೆ ಇದ್ದದ್ದೇ ವಾಸಿ, ಹೇಳಿದ್ದರೆ ಗೈಡೆಡ್ ಟೂರ್ ಆಗಿಬಿಡ್ತಿತ್ತು.

ಅಂದಹಾಗೆ ಗೈಡೆಡ್ ಟೂರ್. ಈಗ ವಿಯೆನ್ನಾಗೆ ಹೋಗೋರಲ್ಲಿ ‘ಬಿಫೋರ್ ಸನ್‌ರೈಸ್’ ಜಾಗಗಳನ್ನೇ ಹುಡುಕಿಕೊಂಡು ಹೋಗೋರಿದ್ದಾರೆ. ಆ ಸೇತುವೆ, ಆ ಕೆಫೆ, ಆ ರೆಕಾರ್ಡ್ ಅಂಗಡಿ, ಒಂದೊಂದಕ್ಕೂ ಒಂದು ಫೋಟೋ, ಸಿನಿಮಾದ ಫ್ರೇಮಿಗೆ ಹೊಂದಿಸಿ. ಲಿಸ್ಟನ್ನು ಎಸೆದವರ ಹೆಸರಲ್ಲೇ ಲಿಸ್ಟು. ನಗು ಬರುತ್ತೆ, ಆದರೆ ನಾನು ಪೂರ್ತಿ ನಗಲಾರೆ. ಬುಡಾಪೆಸ್ಟ್ ಕಡೆಯ ರೈಲುಗಳು ಈಗ ಆ ಹಳೆಯ ವೆಸ್ಟ್‌ಬಾನ್‌ಹೋಫ್ ಸ್ಟೇಷನ್ನಿಗೆ ಬರೋದಿಲ್ಲ, ಹೊಸ ಮುಖ್ಯ ಸ್ಟೇಷನ್ನಿಗೆ ಹೋಗ್ತವೆ. ಅವರ ಥರ ಇಳಿಯೋಕಂತೂ ಯಾರಿಗೂ ಆಗಲ್ಲ, ನಿಂತು ಫೋಟೋ ತೆಗೆಸಿಕೊಳ್ಳಲಿ ಬಿಡಿ. ಜೆಸ್ಸಿ, ಸೆಲಿನ್ ಇಬ್ಬರೂ ಇಡೀ ರಾತ್ರಿ ಒಂದೂ ಫೋಟೋ ತೆಗೆಯೋದಿಲ್ಲ ಅನ್ನೋದು ಮಾತ್ರ ನೆನಪಿರಲಿ. ಬೆಳಗಿನ ಬೀದಿಯಲ್ಲಿ, ಯಾವುದೋ ಮನೆಯ ಕಿಟಕಿಯೊಳಗೆ ಯಾರೋ ಹಾರ್ಪ್ಸಿಕಾರ್ಡ್ ನುಡಿಸ್ತಿರುವಾಗ, ಜೆಸ್ಸಿ ನಿನ್ನ ಫೋಟೋ ತೆಗೀತೀನಿ ಅಂತ ಹೇಳಿ ಅವಳನ್ನು ಸುಮ್ಮನೆ ದಿಟ್ಟಿಸಿ ನೋಡ್ತಾನೆ. ಕ್ಯಾಮೆರಾ ಇಲ್ಲ.

ಕೊನೆಗೆ ಸ್ಟೇಷನ್ನು. ಆರು ತಿಂಗಳ ನಂತರ ಇಲ್ಲೇ, ಇದೇ ಪ್ಲಾಟ್‌ಫಾರ್ಮಿನಲ್ಲಿ ಸಿಗೋಣ ಅಂತಾರೆ. ಅಡ್ರೆಸ್ ಇಲ್ಲ, ನಂಬರ್ ಇಲ್ಲ. ರೈಲು ಹೊರಡುತ್ತೆ. ಇಲ್ಲಿಗೆ ಮುಗಿಸಬಹುದಿತ್ತು. ಮುಗಿಸೋದಿಲ್ಲ. ಬಾಕ್‌ನ ಒಂದು ನಿಧಾನಗತಿಯ ಸೊನಾಟಾ ಶುರುವಾಗುತ್ತೆ, ಕ್ಯಾಮೆರಾ ರಾತ್ರಿ ಇವರು ಕೂತಿದ್ದ, ನಿಂತಿದ್ದ, ಮಲಗಿದ್ದ ಜಾಗಗಳಿಗೆಲ್ಲ ಒಬ್ಬಂಟಿಯಾಗಿ ವಾಪಸ್ ಹೋಗುತ್ತೆ. ಬೆಳಗಿನ ಬೆಳಕಿನಲ್ಲಿ ಅವು ತುಂಬಾ ಸಾಧಾರಣ. ಸೇತುವೆ ಖಾಲಿ, ಸ್ಮಶಾನ ಖಾಲಿ, ಚಕ್ರ ಸುಮ್ಮನೆ ನಿಂತಿದೆ. ಸ್ಯೂರಾನ ಚಿತ್ರದ ಮನುಷ್ಯರು ಪೂರ್ತಿ ಕರಗಿ ಹಿನ್ನೆಲೆ ಮಾತ್ರ ಉಳಿದಿದೆ. ಇಡೀ ಸಿನಿಮಾದಲ್ಲಿ ವಿಯೆನ್ನಾವನ್ನು ವಿಯೆನ್ನಾ ಆಗಿ, ಇವರಿಬ್ಬರ ಹಂಗಿಲ್ಲದೆ ನಾವು ನೋಡೋದು ಈ ಕೆಲವೇ ಶಾಟುಗಳಲ್ಲಿ. ಪಾರ್ಕಿನ ಹುಲ್ಲಿನ ಮೇಲೆ ಬಾರಿನವನು ಪುಕ್ಕಟೆ ಕೊಟ್ಟ ಬಾಟಲಿ, ಬಾರಿನಿಂದ ಕದ್ದ ಗ್ಲಾಸುಗಳು ಹಾಗೇ ಬಿದ್ದಿವೆ. ಒಬ್ಬ ಮುದುಕಿ ನಿಧಾನಕ್ಕೆ ಆ ಕಡೆಯಿಂದ ಈ ಕಡೆಗೆ ನಡೆದ್ಕೊಂಡು ಹೋಗ್ತಾಳೆ. ಅವಳಿಗದು ಶುಕ್ರವಾರದ ಬೆಳಿಗ್ಗೆ.